ತೋಟದ ನೆರಳು ತೆಳುವಾದರೆ ಓತಿಯ ಬಣ್ಣ ಏನಾಗುತ್ತದೆ?

ಕೊಡಗಿನಲ್ಲಿ ನೆರಳಿನ ಬಗ್ಗೆ ಅಭಿಪ್ರಾಯ ಇಲ್ಲದ ಬೆಳೆಗಾರ ಸಿಗುವುದಿಲ್ಲ. ಎಷ್ಟು ನೆರಳು ಬೇಕು, ಯಾವ ಮರದ ನೆರಳು ಒಳ್ಳೆಯದು, ಈ ಸಲ ಕೊಂಬೆ ಸವರುವ ಕಪಾತು ಜಾಸ್ತಿ ಆಯ್ತಾ ಕಡಿಮೆ ಆಯ್ತಾ ಎಂಬ ಮಾತು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಬರುತ್ತದೆ. 2024ರಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅದಾದ ಮೇಲೆ ಈ ಲೆಕ್ಕಾಚಾರ ಇನ್ನೂ ಜೋರಾಗಿದೆ. ರೊಬಸ್ಟಾ ಬಿಸಿಲು ತಡೆಯುವ ಗಿಡ. ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಟ್ಟು, ಮೇಲಿನ ನೆರಳು ತೆಳು ಮಾಡಿದರೆ ಫಸಲು ಏರುತ್ತದೆ ಅನ್ನುವುದು ಲೆಕ್ಕ. ಹಾಗಾಗಿ ಹಳೆಯ ಅತ್ತಿ, ಗೋಣಿ, ನಂದಿ ಮರಗಳು ಒಂದೊಂದಾಗಿ ಹೋಗಿ, ಆ ಜಾಗಕ್ಕೆ ಸಿಲ್ವರ್ ಓಕ್ ಸಾಲು ಬರುತ್ತಿದೆ.

ಇದರಿಂದ ಹಕ್ಕಿಗಳಿಗೆ ಏನಾಗುತ್ತದೆ, ಆನೆಗೆ ಏನಾಗುತ್ತದೆ, ಕಾವೇರಿಯ ನೀರಿಗೆ ಏನಾಗುತ್ತದೆ ಎಂದು ಸಾಕಷ್ಟು ಜನ ಬರೆದಿದ್ದಾರೆ. ಓತಿಗಳ ಬಗ್ಗೆ ಯಾರಿಗೂ ಅಷ್ಟು ಚಿಂತೆ ಇಲ್ಲ. ಆದರೆ ನೆರಳು ಬದಲಾದದ್ದು ಮೊದಲು ಗೊತ್ತಾಗುವುದು ಬಹುಶಃ ಅವಕ್ಕೇ. ಯಾಕೆಂದರೆ ನಾವು ನೆರಳನ್ನು ಪ್ರಮಾಣದಲ್ಲಿ ಅಳೆಯುತ್ತೇವೆ: ಇಷ್ಟು ಪರ್ಸೆಂಟ್, ಎಕರೆಗೆ ಇಷ್ಟು ಮರ. ಓತಿಗೆ ಎಷ್ಟು ನೆರಳು ಅನ್ನುವುದರ ಜೊತೆಗೆ ಯಾವ ಬಣ್ಣದ ನೆರಳು ಅನ್ನುವುದೂ ಮುಖ್ಯ.

ನೆರಳಿಗೆ ಬಣ್ಣವಾ ಅಂತ ಕೇಳಬಹುದು. ಒಂದು ಬಿಳಿ ಹಾಳೆ, ಒಂದು ಮೊಬೈಲ್ ಇದ್ದರೆ ನೀವೇ ನೋಡಿಕೊಳ್ಳಬಹುದು. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ ಅನ್ನು ಆಟೊದಿಂದ ತೆಗೆದು ಸೂರ್ಯನ ಗುರುತಿನ ಮೇಲೆ ನಿಲ್ಲಿಸಿ. ಬಿಸಿಲಿರುವ ದಿನ ದೇವರಕಾಡಿನ ಒಳಗೆ, ಮರಗಳು ದಟ್ಟವಾಗಿ ಕೂಡಿಕೊಂಡ ಕಡೆ ಹಾಳೆಯ ಫೋಟೊ ತೆಗೆಯಿರಿ. ಹಾಳೆ ಹಸಿರು ಹಳದಿಗೆ ತಿರುಗಿರುತ್ತದೆ. ಅದೇ ಹೊತ್ತಿಗೆ ಪಕ್ಕದ ಸಿಲ್ವರ್ ಓಕ್ ತೋಟದಲ್ಲಿ, ನೇರ ಬಿಸಿಲು ಬೀಳದ ಜಾಗದಲ್ಲಿ ತೆಗೆಯಿರಿ. ಈಗ ಹಾಳೆ ನೀಲಿಯತ್ತ ವಾಲಿರುತ್ತದೆ. ಬರಿಗಣ್ಣಿಗೆ ಎರಡೂ ಕಡೆ ಹಾಳೆ ಬಿಳಿಯೇ. ನಮ್ಮ ಮೆದುಳು ಬೆಳಕಿನ ಬಣ್ಣವನ್ನು ಸದ್ದಿಲ್ಲದೆ ಕಳೆದುಬಿಡುತ್ತದೆ. ಆಟೊ ಮೋಡ್‌ನಲ್ಲಿದ್ದರೆ ಮೊಬೈಲೂ ಅದನ್ನೇ ಮಾಡುತ್ತದೆ.

ಇದನ್ನು ಕ್ರಮವಾಗಿ ಅಳೆದು ವಿವರಿಸಿದವರು ಜಾನ್ ಎಂಡ್ಲರ್ ಎಂಬ ವಿಕಾಸ ವಿಜ್ಞಾನಿ. 1993ರಲ್ಲಿ ಅವರು ಕಾಡಿನ ಬೆಳಕನ್ನು ಕೆಲವು ಬಗೆಗಳಾಗಿ ವಿಂಗಡಿಸಿದರು. ದಟ್ಟ ಕಾಡಿನ ನೆರಳಿಗೆ ಬರುವ ಬೆಳಕು ಬಹುಪಾಲು ಎಲೆಗಳ ಮೂಲಕ ಸೋಸಿ ಬಂದದ್ದು, ಎಲೆಗಳಿಂದ ಚಿಮ್ಮಿ ಬಂದದ್ದು. ಎಲೆ ತನ್ನ ಅಡುಗೆಗೆ ಕೆಂಪು ಮತ್ತು ನೀಲಿಯನ್ನು ಹೀರಿಕೊಂಡು ಹಸಿರನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಅಲ್ಲಿನ ಬೆಳಕು ಹಸಿರು ಹಳದಿ. ಮರಗಳು ಬಿಡಿಬಿಡಿಯಾಗಿದ್ದು ಮೇಲೆ ಆಕಾಶ ಕಾಣುವ ಕಡೆ ನೆರಳಿಗೆ ಬರುವುದು ನೀಲಿ ಆಕಾಶದ ಬೆಳಕು. ಅಲ್ಲಿ ನೆರಳು ನೀಲಿ ಬೂದು. ಎಲೆಗಳ ನಡುವಿನ ಸಣ್ಣ ಕಿಂಡಿಯಿಂದ ನೇರ ಬಿಸಿಲು ಬಿದ್ದ ಚೂರು ಜಾಗದಲ್ಲಿ ಬೆಳಕು ಹಳದಿ ಕೆಂಪಿನ ಕಡೆಗಿರುತ್ತದೆ. ಬಟಾಬಯಲಿನಲ್ಲಿ ಬಿಳಿ.

ಮೋಡ ಕವಿದಾಗ ಮಾತ್ರ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಎಲ್ಲ ಕಡೆಯ ಬೆಳಕೂ ಬಿಳಿಯತ್ತ ಜಾರುತ್ತದೆ ಎಂದೂ ಎಂಡ್ಲರ್ ತೋರಿಸಿದರು. ಕೊಡಗಿನವರಿಗೆ ಇದು ಸಣ್ಣ ವಿಷಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಅಂದರೆ ಇಲ್ಲಿನ ಪ್ರಾಣಿಗಳು ವರ್ಷದಲ್ಲಿ ಎರಡು ಬೇರೆ ಬೇರೆ ಬೆಳಕಿನ ಲೋಕಗಳಲ್ಲಿ ಬಾಳುತ್ತವೆ. ಬೆಳಕಿನ ಬಣ್ಣ ಎದ್ದು ಕಾಣುವುದು ಮಳೆ ಹಿಡಿಯುವ ಮೊದಲು. ಗಂಡು ಓತಿಗಳು ಬಣ್ಣ ಏರಿಸಿಕೊಳ್ಳಲು ಶುರುಮಾಡುವುದೂ ಆಗಲೇ.

ಇನ್ನು ಓತಿಯ ಕಣ್ಣು. ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿವೆ. ಹಗಲಲ್ಲಿ ಓಡಾಡುವ ಓತಿಗಳ ಕಣ್ಣಿನಲ್ಲಿ ಸಾಮಾನ್ಯವಾಗಿ ನಾಲ್ಕು. ನಾಲ್ಕನೆಯದು ನಮಗೆ ಕಾಣದ ಅತಿನೇರಳೆ ಬೆಳಕಿಗೆ. ಆದ್ದರಿಂದ ಎಷ್ಟು ಚೆನ್ನಾಗಿದೆ ಈ ಬಣ್ಣ ಎಂದು ನಾವು ಹೇಳುವುದಕ್ಕೂ ಹೆಣ್ಣು ಓತಿಗೆ ಕಾಣುವುದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ.

ಈ ಪ್ರಾಣಿಗೆ ಮೈಬಣ್ಣದಿಂದ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸ ಆಗಬೇಕು. ಮೇಲಿನಿಂದ ಹಾರಿಬರುವ ಹಕ್ಕಿಗೆ ಕಾಣಬಾರದು. ಪಕ್ಕದ ಮರದ ಹೆಣ್ಣಿಗೂ ಎದುರಾಳಿ ಗಂಡಿಗೂ ಕಾಣಲೇಬೇಕು. ಹಾರುವ ಓತಿ ಇದನ್ನು ನಿಭಾಯಿಸುವ ರೀತಿ ನೋಡಿ. ಕನ್ನಡ ಓದುಗರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಪಶ್ಚಿಮ ಘಟ್ಟದಲ್ಲಿರುವುದು ಡ್ರೇಕೊ ಡಸ್ಸುಮಿಯೆರಿ ಎಂಬ ಜಾತಿ. ಕಾಡಿನಲ್ಲೂ ಇರುತ್ತದೆ, ಅಡಿಕೆ ತೋಟ, ಕಾಫಿ ತೋಟದಲ್ಲೂ ಇರುತ್ತದೆ. ತಿನ್ನುವುದು ಹೆಚ್ಚಾಗಿ ಇರುವೆ. ಬೆನ್ನು ಥೇಟ್ ಮರದ ತೊಗಟೆ. ಕಾಂಡಕ್ಕೆ ಒತ್ತಿಕೊಂಡು ಕೂತರೆ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ನಾವು ಸುತ್ತು ಹಾಕಿದರೆ ಅದೂ ಕಾಂಡದ ಆ ಬದಿಗೆ ಜರುಗುತ್ತದೆ. ಆದರೆ ಗಂಡಿನ ಗಂಟಲಡಿ ಮಡಚಿಟ್ಟ ಚರ್ಮ ಇದೆಯಲ್ಲ, ಅದು ಅಚ್ಚ ಹಳದಿ. ತಲೆ ಎತ್ತಿ ಅದನ್ನು ಮುಂದಕ್ಕೆ ಚಾಚುತ್ತದೆ, ಒಳಗೆಳೆಯುತ್ತದೆ, ಮತ್ತೆ ಚಾಚುತ್ತದೆ. ಆ ಒಂದೆರಡು ಕ್ಷಣ ಮಾತ್ರ ಅದು ಇಡೀ ತೋಟಕ್ಕೆ ಕಾಣುತ್ತದೆ. ಆಮೇಲೆ ಮತ್ತೆ ತೊಗಟೆ. ಹೆಣ್ಣಿನ ಗಂಟಲ ಚರ್ಮ ತೀರಾ ಚಿಕ್ಕದು. ಮೊಟ್ಟೆಯಿಡಲು ನೆಲಕ್ಕೆ ಇಳಿಯುವ ಅದಕ್ಕೆ ಕಾಣದೇ ಇರುವುದೇ ಕ್ಷೇಮ.

ಹಳದಿಯೇ ಯಾಕೆ? ನೀಲಿ, ಕೆಂಪು ಯಾಕಾಗಬಾರದು?

ಇದಕ್ಕೆ ಉತ್ತರ ಹುಡುಕಲು ದೂರದ ಕೆರಿಬಿಯನ್ ದ್ವೀಪಗಳಿಗೆ ಹೋಗಬೇಕು. ಅಲ್ಲಿ ಅನೋಲಿಸ್ ಎಂಬ ಓತಿಗಳಿವೆ. ನಮ್ಮ ಓತಿಗಳಿಗೆ ದೂರದ ನೆಂಟರು ಅಷ್ಟೆ, ಆದರೆ ಅವಕ್ಕೂ ಗಂಟಲಡಿ ಬಿಚ್ಚಿ ತೋರಿಸುವ ಬಣ್ಣದ ಚರ್ಮ ಇದೆ. ಲಿಯೋ ಫ್ಲೈಶ್‌ಮನ್ ಮತ್ತು ಮ್ಯಾನುಯೆಲ್ ಲೀಲ್ ಪ್ಯೂರ್ಟೊ ರಿಕೊದಲ್ಲಿ ಇವುಗಳ ಹಿಂದೆ ಬಿದ್ದವರು. ಎಲ್ಲೆಲ್ಲಿ ಎಂಥ ಬೆಳಕು, ಚರ್ಮದಿಂದ ಎಷ್ಟು ಬೆಳಕು ಚಿಮ್ಮುತ್ತದೆ, ಎಷ್ಟು ಒಳಹಾಯುತ್ತದೆ, ಓತಿಯ ಕಣ್ಣಿಗೆ ಯಾವ ಬಣ್ಣ ಎಷ್ಟು ಮುಟ್ಟುತ್ತದೆ ಎಂದು ಉಪಕರಣ ಹಿಡಿದು ಅಳೆದರು. ದಟ್ಟ ಕಾಡಿನ ಕತ್ತಲಲ್ಲಿ ಇರುವ ಅನೋಲಿಸ್ ಗುಂಡ್ಲಾಖಿಯ ಗಂಟಲು ಸಾಸಿವೆ ಹಳದಿ. ಬಿಸಿಲ ಹುಲ್ಲಿನಲ್ಲಿ ಇರುವ ಅನೋಲಿಸ್ ಪುಲ್ಚೆಲಸ್‌ನದು ಕೆಂಪು.

ಲೆಕ್ಕ ಸರಳ. ದಟ್ಟ ಮಳೆಕಾಡಿನ ನೆಲಕ್ಕೆ ಬಂದು ಮುಟ್ಟುವುದು ಮೇಲಿನ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು. ಆ ಚೂರಿನಲ್ಲೂ ಕೆಂಪು ಬೆಳಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಂಪು ಚರ್ಮ ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಕೆಂಪು ಬೆಳಕು ಬೀಳಬೇಕಲ್ವಾ? ಬೀಳದಿದ್ದರೆ ಅದು ಬರೀ ಕಪ್ಪು ಕಲೆ. ನೀಲಿಯ ಗತಿಯೂ ಅದೇ. ಹಸಿರಾದರೆ ಬೆಳಕನ್ನು ಚೆನ್ನಾಗಿ ಚಿಮ್ಮಿಸುತ್ತದೆ, ಆದರೆ ಸುತ್ತ ಎಲೆಗಳೂ ಹಸಿರು, ಅದರಲ್ಲಿ ಕರಗಿಹೋಗುತ್ತದೆ. ಹಳದಿ ಮತ್ತು ಬಿಳಿ, ಇರುವ ಅಷ್ಟಿಷ್ಟು ಬೆಳಕನ್ನೆಲ್ಲ ವಾಪಸ್ ಕಳಿಸುತ್ತವೆ. ಎಲೆಗಿಂತ ಬೇರೆಯಾಗಿಯೂ ಕಾಣುತ್ತವೆ. ಇದರ ಜೊತೆ ಇನ್ನೊಂದು ಉಪಾಯ ಇದೆ. ಈ ಚರ್ಮ ತೆಳು, ಬೆಳಕು ಅದರೊಳಗೆ ಹಾಯುತ್ತದೆ. ಹಿಂದಿನಿಂದ ಬೆಳಕು ಬಿದ್ದಾಗ ಚರ್ಮವೇ ಹೊಳೆಯುವ ಹಾಗೆ ಕಾಣುತ್ತದೆ. ಫ್ಲೈಶ್‌ಮನ್ ತಂಡ 2016ರಲ್ಲಿ ಇದನ್ನೇ ಅಳೆದು ತೋರಿಸಿತು.

ಲೀಲ್ ಮತ್ತು ಫ್ಲೈಶ್‌ಮನ್ 2004ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಚುರುಕು. ಅನೋಲಿಸ್ ಕ್ರಿಸ್ಟಟೆಲಸ್ ಎಂಬ ಒಂದೇ ಜಾತಿಯ ಓತಿಗಳು ದ್ವೀಪದ ತೇವದ ಕಾಡಿನಲ್ಲೂ ಇವೆ, ಒಣ ಕುರುಚಲಿನಲ್ಲೂ ಇವೆ. ಎರಡೂ ಕಡೆಯ ಗಂಟಲ ಬಣ್ಣ ಬೇರೆ. ಯಾವ ಗುಂಪಿನದು ಯಾವ ಬೆಳಕಿನಲ್ಲಿ ಹೆಚ್ಚು ಕಾಣುತ್ತದೆ ಎಂದು ಲೆಕ್ಕ ಹಾಕಿದರೆ, ಪ್ರತಿ ಗುಂಪೂ ತನ್ನ ತವರಿನ ಬೆಳಕಿನಲ್ಲೇ ಗೆಲ್ಲುತ್ತದೆ. ಜಾತಿ ಒಂದೇ, ದ್ವೀಪವೂ ಒಂದೇ. ಬೆಳಕು ಬೇರೆಯಾದಷ್ಟಕ್ಕೆ ಬಣ್ಣ ಬೇರೆ ದಾರಿ ಹಿಡಿದಿದೆ.

ವಿಕಾಸ ಇಲ್ಲಿ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಒಂದೇ ಕಾಡಿನ ಗಂಡುಗಳಲ್ಲಿ ಬಣ್ಣ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಆ ಬೆಳಕಿನಲ್ಲಿ ಯಾರು ದೂರಕ್ಕೆ ಕಾಣುತ್ತಾನೋ ಅವನಿಗೆ ಜಾಗ ಸಿಗುತ್ತದೆ, ಜಗಳ ಬೇಗ ಮುಗಿಯುತ್ತದೆ, ಹೆಣ್ಣು ಬರುತ್ತದೆ. ಅವನ ಮರಿಗಳು ಜಾಸ್ತಿ. ಸಾವಿರಾರು ತಲೆಮಾರು ಹೀಗೇ ಕಳೆದರೆ ಬಣ್ಣ ಆ ಬೆಳಕಿಗೆ ಒಗ್ಗುತ್ತದೆ. ಇದನ್ನು ಊಸರವಳ್ಳಿ ಗಳಿಗೆಗೊಮ್ಮೆ ಬಣ್ಣ ಬದಲಿಸುವುದರ ಜೊತೆ ಬೆರೆಸಬಾರದು. ಅದು ಒಂದೇ ಪ್ರಾಣಿಯ ಚರ್ಮದ ಕೋಶಗಳ ಆಟ, ಕ್ಷಣಗಳ ಲೆಕ್ಕ. ನಮ್ಮ ಬಂಡೆ ಓತಿಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಥಾಕರ್ ಅವರ ತಂಡ ಅದರ ಬಗ್ಗೆ ಕೆಲಸ ಮಾಡಿದೆ. ಗಂಡಿಗೆ ಎದುರಾಳಿ ಸಿಕ್ಕಾಗ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಹೆಣ್ಣು ಸಿಕ್ಕಾಗ ಬೆನ್ನು ಕೆಂಪು, ಪಕ್ಕೆ ಕಪ್ಪು. ಒಂದೇ ಓತಿ, ಎರಡು ವೇಷ. ಆದರೆ ಯಾವ ಯಾವ ವೇಷ ಪೆಟ್ಟಿಗೆಯಲ್ಲಿರಬೇಕು ಅನ್ನುವುದನ್ನು ತೀರ್ಮಾನಿಸಿದ್ದು ವಿಕಾಸ. ಬಂಡೆಯ ಮೇಲೆ ಬಿಸಿಲಿಗೆ ಕೊರತೆ ಇಲ್ಲ, ಹಾಗಾಗಿ ಕೆಂಪೂ ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕತ್ತಲಿಗೆ ಹಳದಿ, ಬಿಸಿಲಿಗೆ ಕೆಂಪು ಎಂದು ಸೂತ್ರ ಬರೆದು ಗೋಡೆಗೆ ಅಂಟಿಸುವ ಹಾಗಿಲ್ಲ. ಬೆಳಕು ಮಾಡುವುದು ಬೇಲಿ ಹಾಕುವ ಕೆಲಸ. ದಟ್ಟ ನೆರಳಿನಲ್ಲಿ ಆ ಬೇಲಿ ಇಕ್ಕಟ್ಟು. ಅಲ್ಲಿ ಕೆಲಸಕ್ಕೆ ಬರುವ ಬಣ್ಣಗಳು ಕೆಲವೇ. ಬಯಲಿನಲ್ಲಿ ಬೇಲಿ ವಿಶಾಲ, ನೀಲಿ, ಕೆಂಪು, ಕಪ್ಪು, ಬಿಳಿ ಯಾವುದೂ ನಡೆಯುತ್ತದೆ. ಬೇಲಿಯೊಳಗೆ ಯಾವುದು ಗೆಲ್ಲಬೇಕು ಅನ್ನುವುದನ್ನು ಬೇರೆ ಸಂಗತಿಗಳು ತೀರ್ಮಾನಿಸುತ್ತವೆ. ಹೆಣ್ಣಿನ ಇಷ್ಟ, ಪಕ್ಕದಲ್ಲಿ ವಾಸಿಸುವ ಬೇರೆ ಜಾತಿಯ ಓತಿಯ ಬಣ್ಣ, ವಂಶದಿಂದ ಬಂದದ್ದು, ತಿನ್ನುವ ಹಕ್ಕಿಗಳು. ಬಯಲಿನ ಬೀಸಣಿಗೆ ಗಂಟಲಿನ ಓತಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸಾರಾಡ ಎಂಬ ಗುಂಪಿನ ಗಂಡುಗಳ ಗಂಟಲಲ್ಲಿ ನೀಲಿ, ಕಪ್ಪು, ಕಿತ್ತಳೆ ಮೂರೂ ಒಟ್ಟಿಗೆ ಇವೆ. ಅದರ ನೆಂಟ ಸಿಟಾನಾಗಳಲ್ಲಿ ಹಲವಕ್ಕೆ ಬಹುಮಟ್ಟಿಗೆ ಬಿಳಿ ಗಂಟಲು. ಎರಡೂ ಇರುವುದು ಬಿಸಿಲಲ್ಲೇ.

ಹಾಗೆಯೇ ಮನುಷ್ಯ ನೆಲ ಬದಲಿಸಿದರೆ ಓತಿಯ ಬಣ್ಣ ಬದಲಾಗುತ್ತದೆ ಅನ್ನುವುದು ಬರೀ ಊಹೆಯಲ್ಲ. ಮಹಾರಾಷ್ಟ್ರದ ಸತಾರಾ ಜಿಲ್ಲೆಯ ಚಾಳ್ಕೆವಾಡಿ ಪ್ರಸ್ಥಭೂಮಿಯಲ್ಲಿ ಸಾಲು ಸಾಲು ಗಾಳಿಯಂತ್ರಗಳಿವೆ. ಅಲ್ಲಿನ ಸಾರಾಡ ಸುಪರ್ಬಾದ ಮೇಲೆ ಥಾಕರ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2018ರಲ್ಲಿ ಬಂತು. ಯಂತ್ರಗಳಿರುವ ಕಡೆ ಹದ್ದು, ಗಿಡುಗಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅದರಿಂದ ಓತಿಗಳು ಜಾಸ್ತಿ, ಮನುಷ್ಯರಿಗೆ ಹೆದರುವುದು ಕಡಿಮೆ. ಆದರೆ ಮೈ ಸೊರಗಿದೆ, ಗಂಡುಗಳ ಗಂಟಲ ಬಣ್ಣ ಮಂಕಾಗಿದೆ. ಅಲ್ಲಿ ಬದಲಾದದ್ದು ಬೆಳಕಲ್ಲ, ಬೇಟೆಗಾರರ ಸಂಖ್ಯೆ. ಆದರೂ ಗಾಳಿಯಂತ್ರ ನಿಲ್ಲಿಸಿದ ಫಲ ಸುತ್ತಿ ಬಳಸಿ ಓತಿಯ ಗಂಟಲಿಗೆ ಹೋಗಿ ಮುಟ್ಟಿತಲ್ಲ!

ಈಗ ಕೊಡಗಿಗೆ ಬರೋಣ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಂದ ಬರುತ್ತದೆ. ಹಳೆಯ ಕ್ರಮದ ತೋಟ ಅಂದರೆ ಅರ್ಧ ಕಾಡು. ಮೇಲೆ ಬೀಟೆ, ನಂದಿ, ಮತ್ತಿ, ಅತ್ತಿ, ಹಲಸು. ಅದರ ಕೆಳಗೆ ಹಾಲುವಾಣ. ಅದರಡಿ ಕಾಫಿ. ಬೆಳಕು ಒಂದರ ಕೆಳಗೊಂದು ಎಲೆಯ ಪದರ ದಾಟಿ ಬರುತ್ತದೆ. ಎಂಡ್ಲರ್ ಹೇಳುವ ಹಸಿರು ಹಳದಿ ನೆರಳಿಗೆ ಇದು ಹತ್ತಿರ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೇರ ಕಾಂಡ, ಜರೀಗಿಡದ ಎಲೆಯಂತೆ ಸೀಳುಸೀಳಾದ ಎಲೆ, ಎಲೆಯ ಅಡಿ ಬೆಳ್ಳಿ ಬಣ್ಣ, ಅಗಲವಾಗಿ ಹರಡದ ಹಂದರ. ಸಾಲಿನ ನಡುವೆ ಆಕಾಶ ಚೆನ್ನಾಗಿ ಕಾಣುತ್ತದೆ. ಅಂದರೆ ನೆರಳಿನ ಪರ್ಸೆಂಟ್ ಹೇಗೋ ಸರಿದೂಗಿಸಿದರೂ ಬಣ್ಣ ಹಸಿರಿನಿಂದ ನೀಲಿ ಬೂದಿಯ ಕಡೆ ಸರಿಯುತ್ತದೆ. ಕಾಫಿಗೆ ನೆರಳು ಸಿಕ್ಕಿತು. ಓತಿಗೆ ಸಿಕ್ಕಿದ್ದು ಬೇರೆಯದೇ ನೆರಳು.

ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದಂತಿದೆ, ಕಷ್ಟಕಾಲಕ್ಕೆ ಕಡಿದು ಮಾರಬಹುದು. ನಮ್ಮ ನೆಲದ ಮರ ಹಾಗಲ್ಲ. ಕೊಡಗಿನಲ್ಲಿ ಅನ್‌ರಿಡೀಮ್ಡ್ ಜಮೀನಿನ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಮೀನಿನ, ಮರದ ಹಕ್ಕು ಸರ್ಕಾರದ್ದು. ರಿಡೀಮ್ಡ್ ಆದರೂ ಅರ್ಜಿ, ಅನುಮತಿ ಎಂದು ಓಡಾಟ ತಪ್ಪಿದ್ದಲ್ಲ. ಬೀಟೆ ಬೆಳೆಸಿದವನಿಗೆ ತಲೆನೋವು, ಸಿಲ್ವರ್ ಓಕ್ ಬೆಳೆಸಿದವನಿಗೆ ದುಡ್ಡು ಅನ್ನುವ ನಿಯಮ ಇಟ್ಟುಕೊಂಡು ಬೆಳೆಗಾರ ಬೀಟೆ ನೆಡಲಿ ಎಂದು ಬಯಸುವುದು ನನಗಂತೂ ಸರಿ ಕಾಣುವುದಿಲ್ಲ.

ಕಪಾತಿನ ಹೊತ್ತೂ ಇಲ್ಲಿ ಸೇರಿಕೊಳ್ಳುತ್ತದೆ. ಹೂ ಮಳೆ ಬಿದ್ದು ಕಾಫಿ ಅರಳಿ ಮುಗಿದ ಮೇಲೆ, ಮಳೆಗಾಲ ಹಿಡಿಯುವ ಮೊದಲು ಮರ ಕಪಾತು ನಡೆಯುತ್ತದೆ. ಮೋಡದ ತಿಂಗಳುಗಳಲ್ಲಿ ಗಿಡಕ್ಕೆ ಒಂದಿಷ್ಟು ಬೆಳಕು ಸಿಗಲಿ, ಕೊಳೆರೋಗ ಬರದಿರಲಿ ಎಂದು. ಬೇಸಾಯದ ದೃಷ್ಟಿಯಿಂದ ಸರಿಯಾದ ಕೆಲಸವೇ. ಆದರೆ ಅದೇ ಏಪ್ರಿಲ್, ಮೇಯಲ್ಲಿ ಬೇಲಿಯ ಓತಿಕ್ಯಾತನ ತಲೆ, ಹೆಗಲು ಕೆಂಪೇರುತ್ತದೆ, ಗಂಟಲಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಏಣಿ ಹಾಕಿ ಎರಡು ದಿನ ಕೊಂಬೆ ಇಳಿಸಿದರೆ ನೆರಳಿನ ಓತಿಗಳ ಬೆಳಕಿನ ಲೋಕವೇ ಬದಲಾಗುತ್ತದೆ, ಅದೂ ಅವುಗಳಿಗೆ ಅತಿ ಮುಖ್ಯವಾದ ವಾರಗಳಲ್ಲಿ.

ಹಾಗಾದರೆ ಹಾರುವ ಓತಿಯ ಹಳದಿ ಗಂಟಲು ನಾಳೆ ಕೆಂಪಾಗುತ್ತದಾ? ನನಗೆ ಹಾಗೆ ಅನಿಸುವುದಿಲ್ಲ. ಹಳದಿ ಬಿಸಿಲಲ್ಲೂ ಕಾಣುವ ಬಣ್ಣ, ಅದು ಒಮ್ಮೆಲೇ ಬೇಡವಾಗುವುದಿಲ್ಲ. ಹೆಚ್ಚು ತೊಂದರೆ ಬರುವುದು ಕಾಣದೇ ಇರುವ ಕೆಲಸಕ್ಕೆ. ಇದಕ್ಕೆ ಬೋರ್ನಿಯೊದ ಒಂದು ಹಾರುವ ಓತಿ ಒಳ್ಳೆಯ ಉದಾಹರಣೆ. ಡ್ರೇಕೊ ಕಾರ್ನ್ಯೂಟಸ್ ಎಂಬ ಈ ಜಾತಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಗುಂಪಿನ ರೆಕ್ಕೆಚರ್ಮ ಕೆಂಪು, ಮಳೆಕಾಡಿನ ಗುಂಪಿನದು ಕಂದು ಹಸಿರು. 2014ರ ಅಧ್ಯಯನ ತೋರಿಸಿದ ಹಾಗೆ ಎರಡೂ ಆಯಾ ಕಾಡಿನಲ್ಲಿ ಉದುರುವ ಎಲೆಯ ಬಣ್ಣಕ್ಕೆ ಸರಿಹೊಂದುತ್ತವೆ. ಮರದ ಮೇಲಿರುವ ಎಲೆಗಲ್ಲ, ಗಾಳಿಯಲ್ಲಿ ಬೀಳುತ್ತಿರುವ ಎಲೆಗೆ! ಹಾರುವಾಗ ಹಕ್ಕಿಯ ಕಣ್ಣಿಗೆ ಅದು ಓತಿಯಲ್ಲ, ಉದುರುವ ಎಲೆ. ಮರಗಳ ಜಾತಿ ಬದಲಾದರೆ ಉದುರುವ ಎಲೆಯೂ ಬದಲಾಗುತ್ತದೆ, ತೊಗಟೆಯೂ ಬದಲಾಗುತ್ತದೆ. ಅತ್ತಿ, ನಂದಿಯ ಕಾಂಡಕ್ಕೆ ಹೊಂದಿದ ಬೆನ್ನು, ಸಿಲ್ವರ್ ಓಕಿನ ಬಿರುಕು ಬೂದು ಕಾಂಡದ ಮೇಲೆ, ಹೆಚ್ಚಾದ ಬೆಳಕಿನಲ್ಲಿ ಅಷ್ಟೇ ಚೆನ್ನಾಗಿ ಅಡಗುತ್ತದೆ ಅನ್ನಲು ಕಾರಣ ಕಾಣದು.

ವಿಕಾಸಕ್ಕೆ ಯುಗಗಳೇ ಬೇಕು ಎಂದೂ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಹೊಸದಾಗಿ ಬಂದ ಕಂದು ಅನೋಲಿಸ್‌ಗಳ ಕಾಟಕ್ಕೆ ಹಸಿರು ಅನೋಲಿಸ್‌ಗಳು ಮರದ ಮೇಲೆ ಮೇಲೆ ಹೋದವು. ಸುಮಾರು 15 ವರ್ಷ, 20 ತಲೆಮಾರಿನಲ್ಲಿ ಅವುಗಳ ಬೆರಳಿನ ಅಂಟುಪದರ ದೊಡ್ಡದಾಗಿತ್ತು ಎಂದು 2014ರಲ್ಲಿ ವರದಿಯಾಯಿತು. ಬೆರಳಿಗೆ ಆಗುವುದು ಬಣ್ಣಕ್ಕೂ ಆಗಬಹುದು. ಆದರೆ ಅದಕ್ಕೆ ಓತಿಗಳು ಅಲ್ಲಿ ಉಳಿದಿರಬೇಕು.

ತೋಟಗಳಲ್ಲಿ ಮೊದಲು ಆಗುವುದು ವಿಕಾಸಕ್ಕಿಂತ ಅದಲುಬದಲು ಎಂದು ನನ್ನ ಅಂದಾಜು. ಬಿಸಿಲು ಒಳಗೆ ಬಂದ ಕೂಡಲೇ ಬೇಲಿ, ರಸ್ತೆಬದಿ, ಬಯಲಿನ ಓತಿಕ್ಯಾತ ತೋಟದೊಳಕ್ಕೆ ನಡೆದುಬರುತ್ತದೆ. ಅದು ತೆರೆದ ಜಾಗದ ಪ್ರಾಣಿ, ಕೆಂಪು ತಲೆ ಅಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿ ಕಾಯಲು ಜಾಗವೂ ಇದೆ. ನೆರಳಿನ ಓತಿಗಳು, ಉದಾಹರಣೆಗೆ 2018ರವರೆಗೆ ಓತಿಕ್ಯಾತನ ಕುಲದಲ್ಲೇ ಇದ್ದು ಈಗ ಮೊನಿಲೆಸಾರಸ್ ಎಂಬ ಬೇರೆ ಕುಲಕ್ಕೆ ಸೇರಿದ ಸಣ್ಣ ಕಾಡು ಓತಿ, ಹಿಂದೆ ಸರಿಯುತ್ತವೆ. ಸರಿಯಲು ಜಾಗ ಎಲ್ಲಿದೆ? ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ ಅನ್ನುವುದು ನಿಜ. ಆದರೆ ಅವುಗಳಲ್ಲಿ ಬಹಳಷ್ಟು ತೀರಾ ಸಣ್ಣವು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಇರುವುದು ತೋಟವೇ.

ಹಾಗಾಗಿ ತೋಟದೊಳಗೆ ಮಾಡಬಹುದಾದದ್ದು ಏನು ಅನ್ನುವುದೇ ಮುಖ್ಯ. ಸಿಲ್ವರ್ ಓಕ್ ಕಿತ್ತು ಬಿಸಾಡಿ ಎಂದು ಯಾರೂ ಹೇಳುತ್ತಿಲ್ಲ. ಅದರ ಕೆಳಗೆ ಹಾಲುವಾಣದ ಪದರ ಉಳಿಸಿದರೆ ಬೆಳಕು ಮತ್ತೆ ಎಲೆ ದಾಟಿ ಬರುತ್ತದೆ. ತೊರೆಯ ಬದಿಯಲ್ಲಿ, ದೇವರಕಾಡಿಗೆ ತಾಗಿದ ಅಂಚಿನಲ್ಲಿ ಅತ್ತಿ, ಗೋಣಿ, ನೇರಳೆ ಒಟ್ಟೊಟ್ಟಾಗಿ ನಿಂತಿದ್ದರೆ ಅವನ್ನು ಹಾಗೇ ಬಿಡಬಹುದು. ಕಪಾತನ್ನು ಇಡೀ ತೋಟಕ್ಕೆ ಒಂದೇ ಸಲ ಮಾಡುವ ಬದಲು ಬ್ಲಾಕ್ ಬ್ಲಾಕ್ ಆಗಿ, ನಡುವೆ ಒಂದೆರಡು ವಾರ ಬಿಟ್ಟು ಮಾಡಿದರೆ ಓತಿಗಳಿಗೆ ಜರುಗಲು ಜಾಗ ಇರುತ್ತದೆ. ಆಳು ಸಿಗದ ಕಾಲದಲ್ಲಿ ಇದು ಹೇಳಿದಷ್ಟು ಸುಲಭವಲ್ಲ, ಗೊತ್ತು. ಅರೇಬಿಕಾ ಕಾಫಿ ಬೆಳೆಯುವವರಿಗೆ ಇದರಲ್ಲಿ ಸ್ವಂತ ಲಾಭವೂ ಇದೆ. ಕಾಫಿ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಎಂಬ ಕೀಟ ಮೊಟ್ಟೆಯಿಡಲು ಇಷ್ಟಪಡುವುದು ಬಿಸಿಲು ಬೀಳುವ ಗಿಡವನ್ನೇ.

ನೋಡಿ ಬರೆದಿಡುವ ಕೆಲಸಕ್ಕಂತೂ ಖರ್ಚಿಲ್ಲ. ಕಪಾತಿಗೆ ಮುಂಚೆ ಒಂದು ಬೆಳಿಗ್ಗೆ, ಕಪಾತು ಆದ ಮೇಲೆ ಒಂದು ಬೆಳಿಗ್ಗೆ, ಅದೇ ಸಾಲಿನಲ್ಲಿ ನಡೆದು ಯಾವ ಮರದ ಮೇಲೆ ಯಾವ ಓತಿ, ಗಂಟಲ ಬಣ್ಣ ಯಾವುದು, ಮೋಡವಿತ್ತಾ ಬಿಸಿಲಿತ್ತಾ ಎಂದು ಗುರುತು ಹಾಕಿಕೊಂಡರೆ ಸಾಕು. ಜೊತೆಗೆ ಬಿಳಿ ಹಾಳೆಯ ಫೋಟೊ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ, ತೋಟದ ಮರಗಳ ಬಗ್ಗೆ ಅಲ್ಲಿ ಕೆಲಸವೂ ನಡೆದಿದೆ. ನೆರಳಿನ ಪರ್ಸೆಂಟ್ ಅಳೆಯುವವರು ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಹಿಡಿದು ಅದರ ಬಣ್ಣವನ್ನೂ ಅಳೆದರೆ, ಬೆಳೆಗಾರರು ಬರೆದಿಟ್ಟ ಪಟ್ಟಿಯ ಪಕ್ಕ ಅದನ್ನು ಇಟ್ಟು ನೋಡಬಹುದು.